ಈಜಿನಿಂದ ಕ್ಯಾನ್ಸರ್ ಸಂಶೋಧನೆಗೆ ನೆರವು

ಸ್ವಿಮ್ ಅಕ್ರಾಸ್ ಅಮೆರಿಕ ಎಂಬುದು ಈಜಿನ ಮೂಲಕ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಅಮೆರಿಕದ ದತ್ತಿ ಸಂಸ್ಥೆ. ಅದರ ಮೊದಲ ಈಜು ನಡೆದದ್ದು 1987ರಲ್ಲಿ. ಸ್ಥಾಪಕರಲ್ಲಿ ಒಬ್ಬರಾದ ಜೆಫ್ ಕೀತ್ ಬಾಲ್ಯದಲ್ಲೇ ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡವರು. ಕೃತಕ ಕಾಲಿನಲ್ಲೇ ಅಮೆರಿಕದ ಉದ್ದಕ್ಕೂ ಓಡಿದ ಛಲಗಾರ.

ಈಜು ನಡೆಯುವುದು ಹೆಚ್ಚಾಗಿ ಸಮುದ್ರ, ಸರೋವರಗಳಲ್ಲಿ. ದಡದಲ್ಲಿ ಬಣ್ಣದ ಟೋಪಿ ತೊಟ್ಟವರ ಗುಂಪು, ನೀರಿನ ಮೇಲೆ ದಾರಿ ತೋರುವ ತೇಲುಗುರುತುಗಳು, ಪಕ್ಕದಲ್ಲೇ ಕಾವಲಿಗೆ ಕಯಾಕ್ ದೋಣಿಗಳು. ಪ್ರತಿಯೊಬ್ಬರೂ ನೆಂಟರು, ಗೆಳೆಯರು, ಸಹೋದ್ಯೋಗಿಗಳಿಂದ ದೇಣಿಗೆ ಸಂಗ್ರಹಿಸಿರುತ್ತಾರೆ.

ಒಲಿಂಪಿಕ್ ಈಜುಗಾರರೂ ಇವರ ಜೊತೆಗೇ ನೀರಿಗಿಳಿಯುತ್ತಾರೆ. 200 ಮೀಟರ್ ಬಟರ್‌ಫ್ಲೈನಲ್ಲಿ ವಿಶ್ವದಾಖಲೆ ಬರೆದ ಕ್ರೇಗ್ ಬಿಯರ್ಡ್ಸ್‌ಲಿ ಅವರಲ್ಲೊಬ್ಬರು. ಅಮೆರಿಕದ ಬಹಿಷ್ಕಾರದಿಂದಾಗಿ 1980ರ ಮಾಸ್ಕೋ ಒಲಿಂಪಿಕ್ಸ್ ಅವರ ಕೈತಪ್ಪಿತ್ತು. 1988ರ ಸೋಲ್ ಒಲಿಂಪಿಕ್ಸ್‌ನ ರಿಲೇಯಲ್ಲಿ ಬೆಳ್ಳಿ ಗೆದ್ದ ಜನೆಲ್ ಯಾರ್ಗೆನ್ಸನ್ ಈ ಸಂಸ್ಥೆಯನ್ನೇ ಮುನ್ನಡೆಸಿದರು. ಹೆಸರು ಕೊಟ್ಟು ಸುಮ್ಮನಾಗದೆ ಮೈ ಒದ್ದೆ ಮಾಡಿಕೊಳ್ಳುವ ಈ ಗುಣವೇ ದಾನಿಗಳ ವಿಶ್ವಾಸ ಗಳಿಸಿದೆ.

ಹಣ ಬಹುಪಾಲು ಹೋಗುವುದು ಆರಂಭದ ಹಂತದ ಸಂಶೋಧನೆಗೆ. ಹೊಸ ಆಲೋಚನೆಗೆ ದೊಡ್ಡ ಅನುದಾನ ಸುಲಭಕ್ಕೆ ಸಿಗದು. ಮೊದಲ ಪುರಾವೆ ಒದಗಿಸಲು ಇಂಥ ನೆರವೇ ಬೇಕು. ರೋಗಿಯ ಸ್ವಂತ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ಮೇಲೆ ತಿರುಗಿಸುವ ಇಮ್ಯುನೊಥೆರಪಿಯ ಪ್ರಯೋಗಗಳಿಗೂ ಅದು ಸಂದಿದೆ.

ಗುದನಾಳದ ಕ್ಯಾನ್ಸರ್‌ನ ಒಂದು ನಿರ್ದಿಷ್ಟ ಬಗೆಗೆ ಡೋಸ್ಟಾರ್ಲಿಮ್ಯಾಬ್ ಔಷಧ ಕೊಟ್ಟ ನ್ಯೂಯಾರ್ಕ್‌ನ ಪ್ರಯೋಗಕ್ಕೆ ನೆರವಾದವರಲ್ಲಿ ಈ ಸಂಸ್ಥೆಯೂ ಒಂದು. 2022ರಲ್ಲಿ ಪ್ರಕಟವಾದ ವರದಿಯಂತೆ, ಚಿಕಿತ್ಸೆ ಮುಗಿಸಿದ 12 ರೋಗಿಗಳಲ್ಲಿ ಒಬ್ಬರಲ್ಲೂ ಗಡ್ಡೆಯ ಕುರುಹು ಉಳಿದಿರಲಿಲ್ಲ.