ಮೈಸೂರು ಜಾವಾ: ಮೊದಲಿನಂತೆಯೋ, ಮನಸ್ಸಿನಂತೆಯೋ?

ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ಮನೆಯೊಂದರ ಹಿತ್ತಲ ಶೆಡ್ಡಿನಲ್ಲಿ, ಭತ್ತದ ಖಾಲಿ ಚೀಲಗಳ ಹಿಂದೆ, 1960ರ ದಶಕದ ಜಾವಾ 250 ಒಂದು ನಿಂತಿದೆ. ಟೈರು ಸೀಳಿದೆ, ಸೀಟಿನ ರೆಕ್ಸಿನ್ ಹರಿದು ನಾರು ಹೊರಗೆ ಬಂದಿದೆ, ಸೈಲೆನ್ಸರಿನ ಬಾಲ ತುಕ್ಕು ತಿಂದು ತೂತಾಗಿದೆ. ಆದರೆ ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಆಡಿಸಿದರೆ ದೂಳಿನಡಿಯಿಂದ ಮೆರೂನ್ ಬಣ್ಣ ಎದ್ದು ಬರುತ್ತದೆ. ಕ್ರೋಮ್ ಫಲಕದ ಅಂಚಿಗೆ ಚಿನ್ನದ ಬಣ್ಣದ ಗೆರೆ. ಕಣ್ಣು ಹತ್ತಿರ ತಂದು ನೋಡಿದರೆ ಆ ಗೆರೆ ಎಲ್ಲ ಕಡೆ ಒಂದೇ ದಪ್ಪ ಇಲ್ಲ. ತಿರುವಿನಲ್ಲಿ ಕುಂಚ ನಿಧಾನಿಸಿದಲ್ಲಿ ತುಸು ದಪ್ಪ, ನೇರ ಓಟದಲ್ಲಿ ತೆಳು, ಕೊನೆಯಲ್ಲಿ ಗೆರೆಗೆ ಗೆರೆ ಸೇರುವ ಕಡೆ ಕೂದಲೆಳೆಯಷ್ಟು ಏರುಪೇರು. ಕೈಯಿಂದ ಎಳೆದ ಗೆರೆ ಅದು. ಐವತ್ತಕ್ಕೂ ಹೆಚ್ಚು ಮಳೆಗಾಲ ಕಂಡ ಮೇಲೂ ಉಳಿದಿದೆ.

ಈ ಟ್ಯಾಂಕಿನ ಬಗ್ಗೆಯೇ ಮನೆಯಲ್ಲಿ ವಾದ ಎದ್ದಿದೆ. ಗಾಡಿಯ ಯಜಮಾನರು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಎಪ್ಪತ್ತರ ದಶಕದಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡು, ಹಳೇ ಪಿ.ಬಿ. ರಸ್ತೆಯಲ್ಲಿ ದಾವಣಗೆರೆ–ಹರಿಹರ ನಡುವೆ ವರ್ಷಗಟ್ಟಲೆ ಶಿಫ್ಟಿಗೆ ಓಡಾಡಿದ ಗಾಡಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ತಮ್ಮನ ಮಗನಿಗೆ ಇದನ್ನು ಶೋರೂಮಿನಿಂದ ಈಗಷ್ಟೇ ಇಳಿದಂತೆ ರಿಸ್ಟೋರ್ ಮಾಡಿಸುವ ಆಸೆ. ಹೊಸ ಪೇಂಟ್, ಹೊಸ ಕ್ರೋಮ್, ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ–ಯೆಜ್ಡಿ ದಿನಕ್ಕೆ ಬೆಂಗಳೂರಿಗೆ ಸವಾರಿ. ಹಿರಿಯರಿಗೆ ಅದು ಬೇಡ. ಹನ್ನೆರಡು ವೋಲ್ಟಿನ ವೈರಿಂಗ್, ಎಲೆಕ್ಟ್ರಾನಿಕ್ ಇಗ್ನಿಷನ್, ಸೊಂಟಕ್ಕೆ ಹಿತವಾಗುವ ಎತ್ತರದ ಹ್ಯಾಂಡಲ್, ಅಗಲದ ಸೀಟು, ಸಾಧ್ಯವಾದರೆ ಹಿಂದಿನ ಮಡ್‌ಗಾರ್ಡ್ ಗಿಡ್ಡ ಮಾಡಿಸುವುದು, ಇಷ್ಟು ಅವರ ಪಟ್ಟಿ. “ಗಾಡಿ ಓಡ್ಬೇಕ್ರೀ, ನೋಡೋಕೆ ಇಟ್ಕೊಂಡ್ರೆ ಏನ್ ಬಂತು?” ಎನ್ನುತ್ತಾರೆ. ಹುಡುಗರು ಆಲ್ಟರ್ ಮಾಡಿಸಲು ಹೊರಡುವುದು, ಹಿರಿಯರು ತಡೆಯುವುದು ಸಾಮಾನ್ಯ. ಇಲ್ಲಿ ಅದು ತಿರುಗುಮುರುಗಾಗಿದೆ.

ಇತಿಹಾಸ ಗೊತ್ತಿರುವವರಿಗೆ ನಾಲ್ಕು ಸಾಲು ಸಾಕು. ಝೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಹುಟ್ಟಿದ ಜಾವಾ, ರುಸ್ತುಂ ಮತ್ತು ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಕಂಪನಿಯ ಮೂಲಕ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ತಯಾರಾಯಿತು. 1973ರಿಂದ ಅದರ ಹೆಸರು ಯೆಜ್ಡಿ. 1978ರಲ್ಲಿ ರೋಡ್‌ಕಿಂಗ್, 1983ರಲ್ಲಿ ಎರಡು ಸಿಲಿಂಡರಿನ 350. 1996ರಲ್ಲಿ ಕಾರ್ಖಾನೆ ನಿಂತಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯ ಮೂಲಕ ಮತ್ತೆ ರಸ್ತೆಗಿಳಿದವು. ಆದರೆ ಅವು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಫೋರ್ ಸ್ಟ್ರೋಕ್ ಗಾಡಿಗಳು. ಮೈಸೂರಿನ ಟೂ ಸ್ಟ್ರೋಕ್ ಮತ್ತೆ ಬರಲಿಲ್ಲ.

ತೀರ್ಮಾನಕ್ಕೆ ಮುಖ್ಯವಾದ ಸಂಗತಿಯೇ ಇದು. ಚೆನ್ನೈನ ಬುಲೆಟ್ 1955ರಿಂದ ಇವತ್ತಿನವರೆಗೂ ತಯಾರಾಗುತ್ತಲೇ ಇದೆ. ಒಂದು ಬುಲೆಟ್ಟಿನ ಫ್ರೇಮ್ ಕತ್ತರಿಸಿ ಚಾಪರ್ ಮಾಡಿದರೆ ಬುಲೆಟ್ಟುಗಳಿಗೇನೂ ಬರ ಬರುವುದಿಲ್ಲ. ಬೆಂಗಳೂರಿನ ಬುಲೆಟಿಯರ್ ಕಸ್ಟಮ್ಸ್‌ನಂಥ ಗ್ಯಾರೇಜುಗಳು ಆ ಹಾದಿಯಲ್ಲಿ ಒಳ್ಳೆಯ ಕೈಕೆಲಸವನ್ನೂ ತೋರಿಸಿವೆ. ಮೈಸೂರು ಜಾವಾದ ಲೆಕ್ಕ ಬೇರೆ. ಒಂದಕ್ಕೆ ಗರಗಸ ಹಾಕಿದರೆ ಉಳಿದವುಗಳಲ್ಲಿ ಒಂದು ಕಡಿಮೆಯಾದ ಹಾಗೆಯೇ.

ಇನ್ನು ಈ ಗಾಡಿಯ ಎಡಗಾಲಿನ ಕಡೆಯ ಆ ಒಂದೇ ಲಿವರ್. ಜಾವಾ ಪ್ರಿಯರನ್ನು ಮಾತಿಗೆ ಎಳೆಯಲು ಇದೊಂದು ಸಾಕು. ಕಿಕ್ಕರೂ ಅದೇ, ಗೇರೂ ಅದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಎಂಜಿನ್ ಎದ್ದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಒಂದೇ ಅಚ್ಚಿನ ಮೇಲೆ ಎರಡು ಕೆಲಸ. ಅಷ್ಟಕ್ಕೇ ಮುಗಿಯುವುದಿಲ್ಲ. ಗೇರ್ ಹಾಕಲು ಲಿವರ್ ಒತ್ತಿದಾಗ ಅದರ ಚಲನೆಯ ಮೊದಲ ಭಾಗ ಗೇರನ್ನು ಮುಟ್ಟುವುದೇ ಇಲ್ಲ. ಒಳಗಿನ ಒಂದು ಕ್ಯಾಮ್ ಮೊದಲು ಕ್ಲಚ್ಚನ್ನು ಬಿಡಿಸುತ್ತದೆ, ಆಮೇಲೆ ಗೇರ್ ಬದಲಾಗುತ್ತದೆ, ಕಾಲು ಸಡಿಲಿಸಿದಾಗ ಕ್ಲಚ್ ಮತ್ತೆ ಹಿಡಿಯುತ್ತದೆ. ಅಂದರೆ ಎಡಗೈಯ ಕ್ಲಚ್ ಲಿವರ್ ಮುಟ್ಟದೆಯೇ ನಾಲ್ಕೂ ಗೇರ್ ಹಾಕಬಹುದು. ಹೋಂಡಾ ಕಬ್‌ನಲ್ಲಿ ನಿಂತಲ್ಲಿಂದ ಹೊರಡುವಾಗ ಕ್ಲಚ್ ಹಿಡಿಯುವುದು ಎಂಜಿನ್ನಿನ ವೇಗಕ್ಕೆ ತಕ್ಕಂತೆ. ಜಾವಾದಲ್ಲಿ ಸವಾರನ ಪಾದವೇ ಅದನ್ನು ಆಳುತ್ತದೆ. ಪಾದವನ್ನು ತಟ್ಟನೆ ಎತ್ತಿದರೆ ಗಾಡಿ ಜಿಗಿಯುತ್ತದೆ, ಮೆಲ್ಲಗೆ ಎತ್ತಿದರೆ ಜಾರಿದಂತೆ ಹೊರಡುತ್ತದೆ.

ಹಿರಿಯರು ಶೆಡ್ಡಿನಲ್ಲೇ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ಇದನ್ನು ಮಾಡಿ ತೋರಿಸಿದರು. ಎಂಜಿನ್ ಜಾಮ್ ಆಗಿಲ್ಲ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯಿಂದ ಲಿವರ್ ಒತ್ತಿದರೆ ಒಳಗೆ ಎರಡು ಸದ್ದು ಬೇರೆಬೇರೆಯಾಗಿ ಕೇಳುತ್ತವೆ. ಮೊದಲು ಮೆತ್ತಗಿನದು, ಆಮೇಲೆ ಗಟ್ಟಿ. ಮೊದಲನೆಯದು ಕ್ಲಚ್ಚಿನದು. ಈ ಎರಡರ ನಡುವಿನ ಅಂತರ ಕ್ಲಚ್ಚಿನ ಹೊಂದಾಣಿಕೆಯ ಸ್ಕ್ರೂ ಮೇಲೆ ನಿಂತಿದೆ. ಅದು ಸಡಿಲಾದರೆ ಕ್ಲಚ್ ಪೂರ್ತಿ ಬಿಡುವ ಮೊದಲೇ ಗೇರ್ ಬಿದ್ದು ಕಟಕಟ ಎನ್ನುತ್ತದೆ. “ಜಾವಾ ಗೇರು ಒರಟು” ಎಂದು ದೂರುವವರ ಗಾಡಿಗಳಲ್ಲಿ ಎಷ್ಟಕ್ಕೆ ಬರೀ ಈ ಸ್ಕ್ರೂ ತಿರುಗಿಸುವುದು ಬೇಕಿತ್ತೋ! ಅರವತ್ತು ವರ್ಷದ ಹಿಂದೆ, ಶಿಫ್ಟಿಗೆ ಹೋಗುವ ಒಬ್ಬ ಕಾರ್ಮಿಕನ ಗಾಡಿಯಲ್ಲಿ ಇಂಥ ಏರ್ಪಾಟು ಇತ್ತು ಎನ್ನುವುದೇ ರೋಮಾಂಚನ ತರುವ ಸಂಗತಿ.

ಕಸ್ಟಮ್ ಮಾಡಿಸುವವರಿಗೆ ತೊಡಕಾಗುವುದೂ ಇದೇ ಲಿವರ್. ಕೆಫೆ ರೇಸರ್ ಮಾಡಬೇಕಾದರೆ ಹ್ಯಾಂಡಲ್ ತಗ್ಗಿಸಿ, ಫುಟ್‌ರೆಸ್ಟ್ ಹಿಂದಕ್ಕೆ ಸರಿಸಬೇಕು. ಬೇರೆ ಗಾಡಿಯಲ್ಲಾದರೆ ಗೇರ್ ಲಿವರಿಗೆ ಒಂದು ಕಡ್ಡಿ ಜೋಡಿಸಿದರೆ ಮುಗಿಯಿತು. ಜಾವಾದಲ್ಲಿ ಆ ಲಿವರೇ ಕಿಕ್ಕರ್ ಆಗಿರುವುದರಿಂದ ಅದನ್ನು ಅಲ್ಲಿಂದ ಕದಲಿಸುವಂತಿಲ್ಲ. ಆಗ ಒಂದೋ ಅರ್ಧಮರ್ಧ ಜೋಡಣೆ, ಇಲ್ಲವೇ ಆ ಸೊಗಸಾದ ಏರ್ಪಾಟನ್ನೇ ಕಿತ್ತು ಹಾಕುವುದು. ಎರಡನೆಯದಕ್ಕೆ ಕೈ ಹಾಕಿದವರನ್ನು ಮೆಚ್ಚುವುದು ಕಷ್ಟ.

ಹಾಗಾದರೆ ತಮ್ಮನ ಮಗ ಹೇಳುವುದೇ ಸರಿಯೇ? ಪೂರ್ತಿ ಅಲ್ಲ. ಇಡೀ ಗಾಡಿ ಬಿಚ್ಚಿ, ಹಳೇ ಬಣ್ಣ ಸುಟ್ಟು ತೆಗೆದು, ಪೌಡರ್ ಕೋಟಿಂಗ್ ಮಾಡಿಸಿ, ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಗೆರೆ ಅಂಟಿಸುವುದನ್ನು ಎಲ್ಲರೂ ರಿಸ್ಟೋರೇಶನ್ ಎನ್ನುತ್ತಾರೆ. ಈ ಟ್ಯಾಂಕಿನ ಗೆರೆಯ ಮಟ್ಟಿಗೆ ಅದಕ್ಕೂ ಗರಗಸಕ್ಕೂ ವ್ಯತ್ಯಾಸವೇನಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಒಪ್ಪಿದ ಟೂರಿನ್ ಸನ್ನದು ಸಂರಕ್ಷಣೆಯನ್ನೂ ಪುನರುಜ್ಜೀವನವನ್ನೂ ಬೇರೆಬೇರೆಯಾಗಿ ನೋಡುತ್ತದೆ. ಮೂಲ ವಸ್ತು ಆದಷ್ಟು ಉಳಿಯಲಿ, ಬದಲಾಯಿಸಿದ್ದಕ್ಕೆಲ್ಲ ದಾಖಲೆ ಇರಲಿ ಎನ್ನುವುದು ಅದರ ಒತ್ತಾಯ. ನಮ್ಮಲ್ಲಿ ಜಾವಾ ಕೂಟಗಳಿಗೆ ಹೋದರೆ ಹೊಸಗಾಡಿಗಿಂತ ಹೆಚ್ಚು ಹೊಳೆಯುವ ಗಾಡಿಗಳೇ ಎದುರಾಗುತ್ತವೆ. ಕಾರ್ಖಾನೆಯ ಬಣ್ಣ ಹೊತ್ತು ಬರುವ ಗಾಡಿ ಅವುಗಳ ನಡುವೆ ಹುಡುಕಿದರೂ ಸಿಗುವುದು ಅಪರೂಪ.

ಮೂಲ ಬಣ್ಣವೋ ಅಲ್ಲವೋ ಎಂದು ತಿಳಿಯುವುದು ಕಷ್ಟವೇನಲ್ಲ. ಟ್ಯಾಂಕಿನ ಪಕ್ಕದ ಮಂಡಿ ರಬ್ಬರ್ ಕಳಚಿ ನೋಡಬೇಕು, ಟ್ಯಾಂಕಿನ ಹೊಟ್ಟೆಯ ಕೆಳಭಾಗ ನೋಡಬೇಕು, ಟೂಲ್ ಬಾಕ್ಸಿನ ಮುಚ್ಚಳದ ಒಳಮೈ ನೋಡಬೇಕು. ಮರುಬಣ್ಣ ಬಳಿದವರು ಅಲ್ಲೆಲ್ಲ ಸಾಮಾನ್ಯವಾಗಿ ಶ್ರಮ ಪಡುವುದಿಲ್ಲ. ಶೆಡ್ಡಿನ ಗಾಡಿಯಲ್ಲಿ ಮೂರೂ ಕಡೆ ಒಂದೇ ಮೆರೂನ್. ಟ್ಯಾಂಕಿನ ಒಳಗಿನ ತುಕ್ಕನ್ನು ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿ ತೆಗೆದು, ಹೊರಗೆ ಮೇಣದ ಪಾಲಿಶ್ ಮಾತ್ರ ಹಚ್ಚಿದರೆ ಗೆರೆಯೂ ಉಳಿಯುತ್ತದೆ, ಪೆಟ್ರೋಲೂ ನಿಲ್ಲುತ್ತದೆ.

ಕಾನೂನು ಈ ವಾದದಲ್ಲಿ ಇಬ್ಬರ ಪರವಾಗಿಯೂ ಇಲ್ಲ. ಕೇಂದ್ರದ 2021ರ ಜುಲೈ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರವಾಹನ ‘ವಿಂಟೇಜ್’ ಆಗಬಹುದು. ಆದರೆ ಅದು ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ಮಾರ್ಪಟ್ಟಿರಬಾರದು. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿ ಆಗುವುದಕ್ಕೆ ‘ವಿಎ’ ಅಕ್ಷರದ ನಂಬರ್, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ಈ ಶೆಡ್ಡಿನ ಜಾವಾಗೆ ಹಳೆಯ ‘ಎಂವೈ’ ನಂಬರ್ ಇದೆ, ಹಾಗಾಗಿ ವಯಸ್ಸಿನ ಚಿಂತೆಯಿಲ್ಲ. 1978ರ ರೋಡ್‌ಕಿಂಗ್ ಇಟ್ಟುಕೊಂಡವರು 2028ರವರೆಗೆ ಕಾಯಬೇಕು. ಮುಖ್ಯ ಷರತ್ತು ಇನ್ನೊಂದಿದೆ: ವಿಂಟೇಜ್ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ದಿನದ ಓಡಾಟಕ್ಕೆ ಬಳಸುವಂತಿಲ್ಲ. ಬೆಳಗ್ಗೆ ಎದ್ದು ಹರಿಹರದ ತುಂಗಭದ್ರೆಯ ದಂಡೆಗೆ ಹೋಗಿ ಬರಬೇಕೆನ್ನುವ ಹಿರಿಯರಿಗೆ ಅದು ಒಗ್ಗದು. ಅವರ ದಾರಿ ಮಾಮೂಲಿ ಆರ್.ಸಿ.ಯ ಐದು ವರ್ಷದ ನವೀಕರಣ.

ಅವರ ಪಟ್ಟಿಗೂ ತಡೆಯುಂಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಟನ್ನು ಒಪ್ಪುವುದಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಬ್ಬರದ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸುವ ದೃಶ್ಯ ರಾಜ್ಯದ ಹಲವು ನಗರಗಳಲ್ಲಿ ಕಂಡದ್ದೇ. ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರು ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುತ್ತಾರೆ. ಪೌಡರ್ ಕೋಟಿಂಗ್ ದಪ್ಪವಾಗಿ ಆ ಅಂಕಿಗಳೊಳಗೆ ತುಂಬಿಕೊಂಡಿದ್ದರೆ ಹೊಳೆಯುವ ಗಾಡಿಯೂ ಅಲ್ಲೇ ನಿಲ್ಲುತ್ತದೆ. ಅಂಕಿಯ ಜಾಗಕ್ಕೆ ಟೇಪ್ ಹಚ್ಚಿಸಿ ಎಂದು ಪೇಂಟರಿಗೆ ಮೊದಲೇ ಹೇಳಿಬಿಡುವುದು ಕ್ಷೇಮ.

ಎಂಜಿನ್ನಿನ ವಿಷಯದಲ್ಲಿ ಮಾತ್ರ ಮನೆಯಲ್ಲಿ ಜಗಳವಿಲ್ಲ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕಿನ ಈ 248.5 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕ್ರ್ಯಾಂಕು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಅದನ್ನು ಬಿಚ್ಚಿ, ಹೊಸ ಕನೆಕ್ಟಿಂಗ್ ರಾಡ್, ಪಿನ್ನು, ರೋಲರ್ ಬೇರಿಂಗ್ ಹಾಕಿ, ಮತ್ತೆ ಒತ್ತಿ, ಎರಡು ಸೆಂಟರುಗಳ ನಡುವೆ ತಿರುಗಿಸಿ ಡಯಲ್ ಗೇಜ್ ಹಿಡಿದು ಓರೆ ತೆಗೆಯಬೇಕು. ಇದು ಸ್ಪ್ಯಾನರ್ ಹಿಡಿದವರಿಗೆಲ್ಲ ಒಲಿಯುವ ಕೆಲಸವಲ್ಲ, ಒಳ್ಳೆಯ ಟರ್ನರ್ ಬೇಕು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆ ಲೇತ್ ಕೊಟ್ಟಿತು, ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಹೆಸರಿನವು ಇಂದಿಗೂ ಊರೂರ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು, ಅಲ್ಲಿ ಪಳಗಿದ ಕೈಗಳು ಈ ಭಾಗದಲ್ಲೇ ಉಳಿದವು. ಕ್ರ್ಯಾಂಕನ್ನು ಬೆಂಗಳೂರಿಗೆ ಕಳಿಸೋಣವೆಂದ ತಮ್ಮನ ಮಗನಿಗೆ ಹಿರಿಯರು ಕೊಟ್ಟ ಉತ್ತರ ಚುಟುಕು: “ಬೆಂಗ್ಳೂರಿಗೆ ಲೇತ್ ಕಳ್ಸಿದ್ದೇ ನಾವು.”

ಕಸ್ಟಮ್ ಮಾಡಿಸಲೇಬೇಕಾದ ಗಾಡಿಗಳೂ ಇವೆ. ಮೂಲ ಟ್ಯಾಂಕ್ ಹೋಗಿ, ಮಡ್‌ಗಾರ್ಡ್ ಹೋಗಿ, ಮೂರು ಗಾಡಿಗಳ ಬಿಡಿಭಾಗ ಸೇರಿಸಿ ಗುಜರಿಯಲ್ಲಿ ಎದ್ದುನಿಂತ ರೋಡ್‌ಕಿಂಗ್‌ಗೆ ‘ಒರಿಜಿನಲ್’ ವೇಷ ತೊಡಿಸುವುದಕ್ಕಿಂತ, ಕಾಯ್ದೆಯ ಮಿತಿಯೊಳಗೆ, ಓಡಿಸುವವನ ಮನಸ್ಸಿನಂತೆ ಕಟ್ಟುವುದೇ ಪ್ರಾಮಾಣಿಕ ಕೆಲಸ. ಎಂ.ಸಿ.ಸಿ. ಬಡಾವಣೆಯ ಜಾವಾ ಆ ಗುಂಪಿಗೆ ಸೇರದು.

ಸದ್ಯಕ್ಕೆ ಮನೆಯಲ್ಲಿ ಆಗಿರುವ ಒಪ್ಪಂದ ಇಷ್ಟು. ಟ್ಯಾಂಕ್, ಟೂಲ್ ಬಾಕ್ಸ್, ಹೆಡ್‌ಲೈಟ್ ಡೂಮಿನ ಬಣ್ಣ ಮುಟ್ಟುವುದಿಲ್ಲ. ಕ್ರ್ಯಾಂಕು, ಆಯಿಲ್ ಸೀಲು, ಬೋರಿಂಗ್ ಹರಿಹರದಲ್ಲಿ. ಹಿರಿಯರ ಸೊಂಟಕ್ಕಾಗಿ ಅಗಲ ಸೀಟು ಬರುತ್ತದೆ, ಆದರೆ ಹಳೇ ಬೋಲ್ಟ್ ತೂತುಗಳಿಗೇ ಕೂರಬೇಕು, ವೆಲ್ಡಿಂಗ್ ಇಲ್ಲ. ಹಳೇ ಸೀಟನ್ನು ಕಟ್ಟಿಡಬೇಕು. ಇಗ್ನಿಷನ್‌ಗೆ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಿದರೂ ಪಾಯಿಂಟ್ ಪ್ಲೇಟನ್ನು ಡಬ್ಬಿಯಲ್ಲಿ ಜೋಪಾನ ಮಾಡಬೇಕು. ಹಿಂದಿನ ಮಡ್‌ಗಾರ್ಡ್ ಕತ್ತರಿಸುವ ಮಾತನ್ನು ಹಿರಿಯರು ಕೈಬಿಟ್ಟಿದ್ದಾರೆ, ಅದಕ್ಕೆ ಬದಲಾಗಿ ಎತ್ತರದ ಹ್ಯಾಂಡಲ್ ಬೇಕೇಬೇಕೆಂದು ಹಟ ಹಿಡಿದಿದ್ದಾರೆ. ತಮ್ಮನ ಮಗ ಅದಕ್ಕಿನ್ನೂ ಒಪ್ಪಿಲ್ಲ.