ತಿಳಿಯಾದ ನೀರೆಲ್ಲ ಸಿಹಿನೀರಲ್ಲ
ಓಝೋನ್ ಜಲಶುದ್ಧಿಯ ಬಗೆಗೆ ಭಕ್ತರು ಅರಿಯಬೇಕಾದುದು

ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಸ್ಥಾನವಿತ್ತ ಪರಂಪರೆ ನಮ್ಮದು. ಬೆಳಗಿನ ಲಿಂಗಪೂಜೆಗೆ ಅಗ್ಘವಣಿ ತರುವವರು ಮೊದಲು ಕೊಡವನ್ನು ಬೆಳಗಿ, ಬಟ್ಟೆಯಲ್ಲಿ ನೀರನ್ನು ಸೋಸಿ ತರುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡವರು. ನೀರಿನ ವಿಷಯದಲ್ಲಿ ಇಷ್ಟೊಂದು ಎಚ್ಚರವಿದ್ದ ನಾವು ಇಂದು ಆ ಎಚ್ಚರವನ್ನು ಯಂತ್ರಗಳಿಗೆ ಒಪ್ಪಿಸಿ ನಿಶ್ಚಿಂತರಾಗುತ್ತಿದ್ದೇವೆ. ಹೀಗೆ ನಿಶ್ಚಿಂತರಾದವರಲ್ಲಿ ವೈದ್ಯರಾದ ನಾವೂ ಒಬ್ಬರಾಗಿದ್ದೆವು ಎಂಬುದನ್ನು ಮೊದಲಿಗೇ ಒಪ್ಪಿಕೊಂಡು ಈ ಲೇಖನವನ್ನು ಆರಂಭಿಸುತ್ತೇವೆ.

ಚಿತ್ತಾಕುಲದ ಒಂದು ಬಾವಿ

ಕಾಳಿನದಿ ಅರಬ್ಬೀ ಸಮುದ್ರವನ್ನು ಸೇರುವಲ್ಲಿ, ಅದರ ಉತ್ತರದ ದಂಡೆಯ ಮೇಲೆ, ಸೋದೆ ಅರಸರು ಕಟ್ಟಿಸಿದ ಸದಾಶಿವಗಡ ಕೋಟೆಯ ಮಗ್ಗುಲಲ್ಲಿ ಚಿತ್ತಾಕುಲವಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಉಬ್ಬರದಲ್ಲಿ ಉಪ್ಪಾಗುವ ನದಿ. ಬಯಲುಸೀಮೆಯಿಂದ ನೌಕರಿಯ ನಿಮಿತ್ತ ಬಂದು ಇಲ್ಲಿಯೇ ಮನೆ ಕಟ್ಟಿಸಿಕೊಂಡ ಶ್ರೀಮಠದ ಭಕ್ತರೊಬ್ಬರು ಒಂದು ಶಿವರಾತ್ರಿಯ ಮರುದಿನ ನಮ್ಮಲ್ಲಿಗೆ ಬಂದರು. ಅವರ ಬಾವಿಯ ನೀರಿಗೆ ಕೊಳೆತ ಮೊಟ್ಟೆಯಂಥ ವಾಸನೆ; ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ತಳದಲ್ಲಿ ಕೆಂಪು ಗಸಿ. ಆದುದರಿಂದ ಅವರ ಮನೆಯವರು ಸ್ನಾನಕ್ಕೂ ಪಾತ್ರೆ ತೊಳೆಯಲಿಕ್ಕೂ ಮಾತ್ರ ಆ ನೀರನ್ನು ಬಳಸಿ, ಕುಡಿಯುವ ನೀರನ್ನು ಗುಡ್ಡದ ಮೇಲಣ ಇನ್ನೊಂದು ಬಾವಿಯಿಂದ ಹೊತ್ತು ತರುತ್ತಿದ್ದರು. "ಓಝೋನ್ ಯಂತ್ರ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ, ಡಾಕ್ಟರೇ. ತಾವೇನು ಹೇಳುತ್ತೀರಿ?" ಎಂದು ಕೇಳಿದರು. ಓಝೋನ್ ವಾಸನೆಯನ್ನೂ ಕ್ರಿಮಿಗಳನ್ನೂ ನಾಶಮಾಡುವುದೆಂದು ನಾವು ಓದಿ ಬಲ್ಲೆವು. "ಆಗಲಿ, ಹಾಕಿಸಿರಿ" ಎಂದೆವು. ನೀರನ್ನು ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಅವರು ತಮ್ಮ ವೃದ್ಧ ತಾಯಿಯವರನ್ನು ಕರೆತಂದರು. ಬಹುಕಾಲದಿಂದ ಹತೋಟಿಯಲ್ಲಿದ್ದ ರಕ್ತದೊತ್ತಡ ಏರಿತ್ತು, ಪಾದಗಳಲ್ಲಿ ಊತವಿತ್ತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಂದು ಒಂದೊಂದಾಗಿ ವಿಚಾರಿಸಿದೆವು. ಆ ತಾಯಿ ಅವೆಲ್ಲವನ್ನೂ ವರ್ಷಗಳ ಹಿಂದೆಯೇ ಬಿಟ್ಟಿದ್ದರು. ಮುಂದಿನ ವಾರ ಅವರ ಮನೆಗೆ ಹೋದಾಗ ಒಂದು ಲೋಟ ನೀರು ಕೊಟ್ಟರು. ಸ್ಫಟಿಕದಂತೆ ತಿಳಿಯಾಗಿತ್ತು, ವಾಸನೆಯ ಸುಳಿವೂ ಇರಲಿಲ್ಲ. ಕುಡಿದರೆ ಉಪ್ಪು! ಯಂತ್ರ ಬಂದಂದಿನಿಂದ ಗುಡ್ಡದ ಬಾವಿಯ ನೀರನ್ನು ನಿಲ್ಲಿಸಿ ಇದನ್ನೇ ಕುಡಿಯುತ್ತಿದ್ದರು. ದಿನಕ್ಕಿಷ್ಟಿಷ್ಟೇ ಏರಿದ ಉಪ್ಪಿಗೆ ಮನೆಯವರ ನಾಲಗೆ ಒಗ್ಗಿಹೋಗಿತ್ತು.

ಯಂತ್ರ ಕೆಟ್ಟಿರಲಿಲ್ಲ. ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. "ನನ್ನನ್ನು ಕುಡಿಯಬೇಡ" ಎಂದು ಬಾವಿ ಎಚ್ಚರಿಸುತ್ತಿದ್ದ ವಾಸನೆಯನ್ನೂ ಬಣ್ಣವನ್ನೂ ಅದು ತೆಗೆದುಹಾಕಿತ್ತು. ಉಪ್ಪನ್ನು ಹಾಗೆಯೇ ಬಿಟ್ಟಿತ್ತು.

ಓಝೋನ್ ಎಂದರೇನು?

ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿವೆ. ಮೂರು ಪರಮಾಣುಗಳು ಕೂಡಿದರೆ ಓಝೋನ್. ಗುಡುಗು ಸಿಡಿಲಿನ ಮಳೆಯಾದ ಮೇಲೆ ಗಾಳಿಯಲ್ಲಿ ತೇಲಿಬರುವ ಒಂದು ಬಗೆಯ ತೀಕ್ಷ್ಣ ವಾಸನೆ ಇದರದೇ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ವಿಜ್ಞಾನಿ ಶೋನ್‌ಬೈನ್ 1840ರ ಸುಮಾರಿಗೆ ಇದನ್ನು ಗುರುತಿಸಿ, 'ವಾಸನೆ ಬೀರು' ಎಂಬರ್ಥದ ಗ್ರೀಕ್ ಪದದಿಂದ ಹೆಸರಿಟ್ಟನು. 1893ರಲ್ಲಿ ನೆದರ್ಲೆಂಡ್ಸಿನ ಔಡ್ಸ್‌ಹೋರ್ನ್ ಎಂಬಲ್ಲಿ ಕುಡಿಯುವ ನೀರಿಗೆ ಇದನ್ನು ಬಳಸಲಾಯಿತು. 1906ರಲ್ಲಿ ಫ್ರಾನ್ಸಿನ ನೀಸ್ ನಗರ ಇದನ್ನು ಅಳವಡಿಸಿಕೊಂಡಿತು.

ಯಂತ್ರದ ವಿಧಾನ ಸರಳ. ಒಣಗಾಳಿಯನ್ನೋ ಆಮ್ಲಜನಕವನ್ನೋ ಹೆಚ್ಚಿನ ಒತ್ತಡದ ವಿದ್ಯುತ್ತಿನ ನಡುವೆ ಹಾಯಿಸಿದಾಗ ಓಝೋನ್ ಹುಟ್ಟುತ್ತದೆ. ಅದನ್ನು ಗುಳ್ಳೆಗಳಾಗಿ ನೀರಿನೊಳಗೆ ಬಿಡುತ್ತಾರೆ. ಆ ಮೂರನೆಯ ಪರಮಾಣು ನಿಲ್ಲಲಾರದು. ಸಿಕ್ಕಿದ್ದನ್ನು ಸುಟ್ಟು ಮತ್ತೆ ಆಮ್ಲಜನಕವಾಗುತ್ತದೆ. ಕ್ರಿಮಿಯ ಹೊರಪದರ ಸಿಕ್ಕರೆ ಅದನ್ನು ಸೀಳುತ್ತದೆ. ಒಂದು ಲೀಟರ್ ನೀರಿನಲ್ಲಿ 0.4 ಮಿಲಿಗ್ರಾಂ ಓಝೋನ್ 4 ನಿಮಿಷ ಉಳಿದರೆ ವೈರಸ್‌ಗಳು ನಾಶವಾಗುತ್ತವೆ ಎಂಬುದು ಬಹುಕಾಲದಿಂದ ಅನುಸರಿಸಿದ ಅಳತೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರಲ್ಲಿ ಕ್ಲೋರಿನ್ನಿಗೆ ಬಗ್ಗದ ಒಂದು ಸೂಕ್ಷ್ಮಜೀವಿಯಿಂದ ಸುಮಾರು 4 ಲಕ್ಷ ಜನ ಭೇದಿಗೆ ತುತ್ತಾದರು. ಆ ಬಳಿಕ ಆ ನಗರ ಓಝೋನ್ ಶುದ್ಧೀಕರಣಕ್ಕೆ ಮೊರೆಹೋಯಿತು. ಆದುದರಿಂದ ಈ ವಿದ್ಯೆಯನ್ನು ನಾವು ಅಲ್ಲಗಳೆಯುವುದಿಲ್ಲ.

ಮಾಡಲಾರದ ಕೆಲಸಗಳು

ನೀರಿನಲ್ಲಿ ಕರಗಿದ ಉಪ್ಪು, ನೈಟ್ರೇಟ್, ಫ್ಲೋರೈಡ್ ಇವುಗಳನ್ನು ಓಝೋನ್ ತೆಗೆಯಲಾರದು. ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಸಾಮಾನ್ಯವಾಗಿರುವ ಕಬ್ಬಿಣಾಂಶವನ್ನು ಅದು ತುಕ್ಕಿನ ಕಣಗಳನ್ನಾಗಿ ಮಾಡುತ್ತದೆ. ಆ ಕಣಗಳನ್ನು ಹಿಡಿಯಲು ಮುಂದೊಂದು ಸೋಸುವ ಸಾಧನ ಇರಲೇಬೇಕು. ಓಝೋನ್ ಬೇಗನೆ ಕರಗಿಹೋಗುವುದರಿಂದ ಶುದ್ಧವಾದ ನೀರಿಗೆ ಮುಂದೆ ಕಾವಲಿರುವುದಿಲ್ಲ. ತೊಳೆಯದ ಟಾಕಿಗೆ ಅದೇ ನೀರನ್ನು ತುಂಬಿದರೆ ಕ್ರಿಮಿಗಳು ಮತ್ತೆ ಬೆಳೆಯುತ್ತವೆ.

ಕರಾವಳಿಗೆ ಇನ್ನೂ ಎರಡು ತೊಡಕುಗಳಿವೆ. ನೀರು ಬೆಚ್ಚಗಿದ್ದಷ್ಟೂ ಅದರಲ್ಲಿ ಓಝೋನ್ ಕಡಿಮೆ ಕರಗುತ್ತದೆ. ಚಳಿನಾಡಿನ ಲೆಕ್ಕ ಇಲ್ಲಿಗೆ ಹೊಂದದು. ಇನ್ನು, ಯಂತ್ರಕ್ಕೆ ಒಣಗಾಳಿ ಬೇಕು. ಆಷಾಢ ಶ್ರಾವಣಗಳ ತೇವದ ಗಾಳಿಯನ್ನು ಹಾಗೆಯೇ ಎಳೆದುಕೊಂಡರೆ ಓಝೋನ್ ಉತ್ಪತ್ತಿ ಕುಗ್ಗುತ್ತದೆ, ಒಳಗೆ ನೈಟ್ರಿಕ್ ಆಮ್ಲ ಹುಟ್ಟಿ ಯಂತ್ರ ಸವೆಯುತ್ತದೆ. ಭೇದಿ, ಕಾಮಾಲೆಗಳ ಭಯ ಹೆಚ್ಚಾಗಿರುವ ಮಳೆಗಾಲದಲ್ಲಿಯೇ ಅದರ ಶಕ್ತಿ ಕುಂದುತ್ತದೆ. ದೀಪ ಉರಿಯುತ್ತಿರುವುದನ್ನು ಕಂಡು ಮನೆಯವರು ಮಾತ್ರ ನೆಮ್ಮದಿಯಿಂದಿರುತ್ತಾರೆ.

ಕಡಲ ಮಗ್ಗುಲಿನ ಬಾವಿ

ಚಿತ್ತಾಕುಲದಂಥ ಊರಿನಲ್ಲಿ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ, ಅದರ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರಿನ ಪದರವಿರುತ್ತದೆಂದು ಭೂಜಲ ತಜ್ಞರು ಲೆಕ್ಕ ಹಾಕುತ್ತಾರೆ. ಪಂಪು ಹಾಕಿ ಆ ಒಂದು ಅಡಿಯನ್ನು ಎಳೆದುಬಿಟ್ಟರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಆದುದರಿಂದಲೇ ಕಾರ್ತಿಕದಲ್ಲಿ ಸಿಹಿಯಾಗಿದ್ದ ಬಾವಿ ವೈಶಾಖದಲ್ಲಿ ಸವಳಾಗುತ್ತದೆ.

ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1000 ಮಿಲಿಗ್ರಾಂವರೆಗೆ ಸಹಿಸಬಹುದು. ಈ ಕೊನೆಯ ಮಿತಿಯ ನೀರಿನಲ್ಲಿ, ಅದೆಲ್ಲ ಅಡುಗೆಯ ಉಪ್ಪೇ ಎಂದು ಲೆಕ್ಕ ಹಿಡಿದರೆ, ಲೀಟರಿಗೆ ಸುಮಾರು 1.6 ಗ್ರಾಂ ಉಪ್ಪಿರುತ್ತದೆ. ದಿನಕ್ಕೆ 3 ಲೀಟರ್ ಕುಡಿದರೆ ಸುಮಾರು 5 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ಇಡೀ ದಿನಕ್ಕೆ ಹೇಳಿರುವ ಮಿತಿಯೇ 5 ಗ್ರಾಂ! ಒಂದು ತುತ್ತು ಅನ್ನ ಉಣ್ಣುವ ಮೊದಲೇ ದಿನದ ಪಾಲು ಮುಗಿದಿರುತ್ತದೆ. ಬಾಂಗ್ಲಾದೇಶದ ಕರಾವಳಿಯಲ್ಲಿ ಉಪ್ಪು ನೀರು ಕುಡಿಯುವ ಗರ್ಭಿಣಿಯರಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚಾಗಿರುವುದನ್ನು ಅಲ್ಲಿ ನಡೆದ ಅಧ್ಯಯನಗಳು ತೋರಿಸಿವೆ.

ಸವಳು ನೀರಿಗೆ ಓಝೋನ್ ಬಿಡುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಕಡಲನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ಓಝೋನ್ ತಗುಲಿದಾಗ ಅದರ ಒಂದು ಪಾಲು ಬ್ರೋಮೇಟ್ ಆಗಿ ಮಾರ್ಪಡುತ್ತದೆ. ಇದು ಕ್ಯಾನ್ಸರ್ ಉಂಟುಮಾಡಬಹುದೆಂಬ ಶಂಕೆಯಿರುವ ವಸ್ತು. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟಾಸಿಯಂ ಬ್ರೋಮೇಟನ್ನು 2016ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಿದ್ದು ಇದಕ್ಕಾಗಿಯೇ. ನೀರಿನಲ್ಲಿ ಇದರ ಮಿತಿ ಲೀಟರಿಗೆ ಕೇವಲ 0.01 ಮಿಲಿಗ್ರಾಂ. ನೂರು ಕೊಡ ಬಾವಿನೀರಿನಲ್ಲಿ ಎರಡು ಕೊಡ ಕಡಲನೀರು ಬೆರೆತಿದ್ದರೆ, ಅದರ ಬ್ರೋಮೈಡಿನಲ್ಲಿ ನೂರಕ್ಕೊಂದು ಪಾಲು ಮಾರ್ಪಟ್ಟರೂ ಈ ಮಿತಿ ಮೀರುತ್ತದೆ. 2004ರಲ್ಲಿ ಬ್ರಿಟನ್ನಿನಲ್ಲಿ ದಸಾನಿ ಎಂಬ ಬಾಟಲಿ ನೀರಿನ ಸುಮಾರು 5 ಲಕ್ಷ ಬಾಟಲಿಗಳನ್ನು ಹಿಂದಕ್ಕೆ ಪಡೆಯಬೇಕಾಗಿ ಬಂದುದು ಓಝೋನ್‌ನಿಂದ ಹುಟ್ಟಿದ ಬ್ರೋಮೇಟಿನ ಕಾರಣದಿಂದಲೇ. ಬ್ರೋಮೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಅದು ಹೋಗದು.

ಸುಶ್ರುತರ ವಿವೇಕ

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯದಲ್ಲಿ ಜಲದ ವಿಚಾರವಿದೆ. ಕದಡಿದ ನೀರನ್ನು ತಿಳಿಗೊಳಿಸಲು ಅಲ್ಲಿ ಏಳು ಸಾಧನಗಳನ್ನು ಹೇಳಿದೆ: ಕತಕ ಅಂದರೆ ಚಿಲ್ಲದ ಬೀಜ, ಗೋಮೇದಕ, ತಾವರೆಯ ಗೆಣ್ಣು, ಪಾಚಿಯ ಬೇರು, ಬಟ್ಟೆ, ಮುತ್ತು ಮತ್ತು ಮಣಿ. ಕೆಟ್ಟ ನೀರಿಗಾದರೋ ಬೇರೆಯೇ ಉಪಾಯ: ಬೆಂಕಿಯಲ್ಲಿ ಕುದಿಸುವುದು, ಬಿಸಿಲಿಗಿಡುವುದು, ಕಾದ ಕಬ್ಬಿಣದ ಗುಂಡನ್ನೋ ಮರಳನ್ನೋ ಅದರಲ್ಲಿ ಅದ್ದುವುದು. ಕಡಲನೀರನ್ನಂತೂ ಸರ್ವದೋಷಕಾರಿಯೆಂದೇ ಎಣಿಸಿದ್ದಾರೆ. ತಿಳಿಗೊಳಿಸುವುದು ಬೇರೆ, ಕ್ರಿಮಿದೋಷ ಕಳೆಯುವುದು ಬೇರೆ, ಉಪ್ಪುನೀರಿನ ದೋಷ ಮತ್ತೂ ಬೇರೆ. ನಾಲ್ಕು ದಶಕ ಈ ಗ್ರಂಥವನ್ನು ಓದಿಯೂ ಆ ಶಿವರಾತ್ರಿಯ ಮರುದಿನ ನಾವು ಮೂರನ್ನೂ ಒಂದೇ ಎಂದು ಭಾವಿಸಿದೆವು.

ಭಕ್ತರು ಮಾಡಬೇಕಾದುದು

1. ಯಂತ್ರ ಕೊಳ್ಳುವ ಮೊದಲು ನೀರನ್ನು ಪರೀಕ್ಷಿಸಿರಿ. ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದ ದಾರಿ ತಿಳಿಯುತ್ತದೆ. ಮಳೆಗಾಲ ಮುಗಿದೊಡನೆ ಒಮ್ಮೆ, ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಹೀಗೆ ಎರಡು ಸಲ ಮಾಡಿಸುವುದು ಅವಶ್ಯ. ಕ್ಲೋರೈಡ್, ಕರಗಿದ ಲವಣಗಳ ಮೊತ್ತ, ಕಬ್ಬಿಣ, ನೈಟ್ರೇಟ್, ಕ್ರಿಮಿಗಳು ಇವಿಷ್ಟನ್ನೂ ಕೇಳಿ ನೋಡಿಸಿರಿ.

2. ಉಪ್ಪಿಲ್ಲದೆ ಕ್ರಿಮಿಗಳಷ್ಟೇ ಇದ್ದರೆ ಮಳಮಳನೆ ಕುದಿಸಿದ ನೀರು ಸಾಕು. ಅಂದಿನ ನೀರನ್ನು ಅಂದೇ ಬಳಸಿರಿ. ಕುದಿಸಿ ರಾತ್ರಿ ಕಳೆದ ನೀರು ಸಲ್ಲದೆಂದು ನಮ್ಮ ಶಾಸ್ತ್ರವೂ ಹೇಳುತ್ತದೆ. ಬಾವಿಗೆ ಹಾಕುವುದಾದರೆ 1000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ ಒಂದು ಗಂಟೆ ಬಿಡಬೇಕು.

3. ಕ್ಲೋರೈಡ್ 250 ದಾಟಿದ್ದರೆ ಆ ನೀರಿಗೆ ನೇರವಾಗಿ ಓಝೋನ್ ಬಿಡಬೇಡಿರಿ. ಮೊದಲು ಉಪ್ಪು ತೆಗೆದು, ಕೊನೆಯಲ್ಲಿ ಓಝೋನ್ ಬಿಡುವ ಕ್ರಮವೇ ಸರಿಯಾದುದು.

4. ಮಳೆನೀರನ್ನು ಮರೆಯಬೇಡಿರಿ. ಕಾರವಾರದ ಕಡೆ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ. 1000 ಚದರಡಿಯ ಮಾಳಿಗೆಯಿಂದ ಐದರಲ್ಲಿ ಒಂದು ಪಾಲು ಪೋಲಾದರೂ 2 ಲಕ್ಷ ಲೀಟರಿಗೂ ಹೆಚ್ಚು ನೀರು ದೊರೆಯುತ್ತದೆ. ಐದು ಜನರ ಕುಡಿಯುವ ನೀರಿಗೂ ಅಡುಗೆಗೂ ದಿನಕ್ಕೆ 25 ಲೀಟರ್ ಎಂದರೆ, ಎಂಟು ತಿಂಗಳ ಒಣಕಾಲಕ್ಕೆ 6000 ಲೀಟರಿನ ಮುಚ್ಚಿದ ಟಾಕಿ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಸೋಸಿ ತುಂಬಿಸಿ, ಕುದಿಸಿ ಕುಡಿಯಿರಿ. ಉಳಿದ ನೀರನ್ನು ಬಾವಿಯ ಬಳಿ ಇಂಗಿಸಿರಿ.

5. ಓಝೋನ್ ಯಂತ್ರ ಈಗಾಗಲೇ ಇದ್ದರೆ ಕಿಟಕಿ ತೆರೆದ ಜಾಗದಲ್ಲಿಡಿ. ಅದರ ಅನಿಲ ಶ್ವಾಸಕೋಶಕ್ಕೆ ಕೇಡು. ದಮ್ಮು ಇರುವವರು ಬಳಿಯಿರಬಾರದು. ಅಡುಗೆಮನೆಯಲ್ಲಿ ತೀಕ್ಷ್ಣ ವಾಸನೆ ಬಂದರೆ ಕೂಡಲೇ ನಿಲ್ಲಿಸಿರಿ. ಓಝೋನ್ ನೀರು ರೋಗ ಗುಣಪಡಿಸುತ್ತದೆಂಬ ಪ್ರಚಾರವನ್ನು ನಂಬಬೇಡಿರಿ.

6. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರಲ್ಲಿಗೆ ಹೋದಾಗ, ಏನು ಉಣ್ಣುತ್ತೇವೆಂಬುದರೊಡನೆ ಯಾವ ನೀರು ಕುಡಿಯುತ್ತೇವೆಂಬುದನ್ನೂ ತಿಳಿಸಿರಿ.

ಆ ತಾಯಿಯವರ ಬಾವಿನೀರಿನ ಪರೀಕ್ಷೆಯಲ್ಲಿ ಕ್ಲೋರೈಡ್ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಾಗಿತ್ತು. ಮನೆಯವರು ಗುಡ್ಡದ ಬಾವಿಯ ನೀರಿಗೆ ಮರಳಿದರು. ಕೆಲವು ವಾರಗಳಲ್ಲಿ ಊತ ಇಳಿಯಿತು, ಒತ್ತಡ ಹಿಂದಿನ ಮಟ್ಟಕ್ಕೆ ಬಂತು. ಔಷಧವನ್ನು ಹೆಚ್ಚಿಸುವ ಪ್ರಸಂಗ ಬರಲಿಲ್ಲ. ನೀರೊಂದೇ ಕಾರಣವೆಂದು ನಾವು ಆಣೆ ಮಾಡಿ ಹೇಳಲಾರೆವು. ಆದರೆ ಅಂದಿನಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವ ಪ್ರತಿಯೊಬ್ಬರಿಗೂ ನಾಡಿ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?"

ಲಿಂಗಕ್ಕೆ ಎರೆಯುವ ನೀರನ್ನು ಸೋಸಿ ನೋಡುವ ನಾವು, ಲಿಂಗವನ್ನು ಧರಿಸಿದ ಈ ಕಾಯಕ್ಕೆ ಎರೆಯುವ ನೀರನ್ನೂ ಅರಿತು ಎರೆಯೋಣ.