ಕಡ್ಲಿ ಅಂದ್ರ ಯಾವ ಕಡ್ಲಿ? ಹೆಸರು ತಿಳಿದು ಮದ್ದು ಹಾಕಿ

ಹೋದ ಹಿಂಗಾರಿಯಾಗ ಮಣ್ಣೂರಿನಿಂದ ನಮ್ಮ ಕಾಕಾನ ಮಗ ಫೋನ್ ಮಾಡಿದ. "ಅಣ್ಣಾ, ಕಡ್ಲಿಗೆ ನಾಕು ಚೀಲ ಜಿಪ್ಸಂ ಹಾಕೀನಿ. ಇನ್ನ ಬುಡಕ್ಕ ಮಣ್ಣ ಏರಸ್ಬೇಕಂತ. ಸಾಲು ಮುಚ್ಯಾವ, ಎಡಿ ಹೆಂಗ ಹೊಡೀಲಿ?"

ಕಡಲೆಗೆ ಮಣ್ಣು ಏರಿಸೋದಾ? ಯಾರು ಹೇಳಿದ್ರಪಾ ಅಂದೆ. ವಿಡಿಯೋ ಕಳಿಸಿದ. ತುಮಕೂರು ಕಡೆಯ ರೈತರೊಬ್ಬರು ಚೆನ್ನಾಗೇ ವಿವರಿಸಿದ್ದರು. ಆದ್ರ ಅವರು ಹೇಳಿದ್ದು "ಕಡ್ಲೆಕಾಯಿ" ಬಗ್ಗೆ. ಅಂದ್ರ ನಮ್ಮ ಶೇಂಗಾ! ಶೇಂಗಾದ ಕಾಯಿ ಮಣ್ಣೊಳಗ ಕಟ್ಟುತ್ತದೆ, ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಅದಕ್ಕೇ ಹೂ ಬಿಡುವಾಗ ಜಿಪ್ಸಂ ಕೊಟ್ಟು ಮಣ್ಣು ಏರಿಸ್ತಾರೆ. ನಮ್ಮ ಕಡ್ಲಿ ಕಾಯಿ ಕಟ್ಟೋದು ಟೊಂಗಿ ಮ್ಯಾಲ. ಬೆಳೆ ಹಾಳಾಗಲಿಲ್ಲ, ರೊಕ್ಕ ಮತ್ತು ಆಳಿನ ಕೂಲಿ ದಂಡ ಆಯ್ತು.

ಅವನ ತಪ್ಪಲ್ಲ. ಒಂದೇ ಕನ್ನಡದೊಳಗ ಒಂದು ಹೆಸರಿಗೆ ಎರಡು ಬೆಳೆ. ಭೀಮೆಯ ದಂಡಿಯ ನಾವು ಮರಾಠಿಯ ನೆರಳಿನಲ್ಲಿ ಬೆಳೆದವರು. ಮರಾಠಿಯಲ್ಲಿ 'ಶೇಂಗ' ಅಂದ್ರ ಕಾಯಿ, ಕೋಡು. ಆ ಮಾತೇ ಇಲ್ಲಿ ಬೆಳೆಯ ಹೆಸರಾಗಿ ನಿಂತಿದೆ. ಪುಂಡಿಯದೂ ಅದೇ ಕಥಿ. ಅಫಜಲಪುರದಾಗ ಪುಂಡಿ ಅಂದ್ರ ಹುಳಿ ಸೊಪ್ಪು, ಪಲ್ಯ ಮಾಡಿ ಜೋಳದ ರೊಟ್ಟಿ ಜೊತಿ ಉಣ್ಣೋದು. ಮಂಗಳೂರಿನಾಗ ಪುಂಡಿ ಅಂದ್ರ ಅಕ್ಕಿಯ ಉಂಡೆ. ಆನ್‌ಲೈನಿನಾಗ ಪುಂಡಿ ಮಾರಬೇಕು ಅನ್ನುವವರು ಫೋಟೋ ಹಾಕದೇ ಬಿಡಬ್ಯಾಡ್ರಿ.

ಹೆಸರಿನೊಳಗೇ ರೋಗ ಅದ

ತೊಗರಿ ಬೆಳೆಗಾರರು ಈ ಮಾತು ಗಮನ ಕೊಟ್ಟು ಓದಿ. "ತೊಗರಿ ಹೋಯ್ತು" ಅಂತ ಒಂದು ಸಾಲು ಬರೆದು ವಾಟ್ಸಾಪ್ ಗುಂಪಿಗೆ ಹಾಕಿದ್ರ ಹತ್ತು ಮಂದಿ ಹತ್ತು ಔಷಧಿ ಹೇಳ್ತಾರೆ. ಹಿರಿಯರು ಹಂಗ ಹೇಳ್ತಿರಲಿಲ್ಲ. "ಗೊಡ್ಡು ಬಿದ್ದದ" ಅಂತಿದ್ರು. ಈಯದ ಎಮ್ಮಿಗೆ ಗೊಡ್ಡೆಮ್ಮಿ ಅಂತೀವಲ್ಲ, ಅದೇ ಗೊಡ್ಡು. ಗಿಡ ಹಸಿರಾಗೇ ಇರ್ತದ, ಪೊದೆಯಂಗ ಬೆಳೀತದ, ಎಲೆ ಸಣ್ಣದಾಗಿ ತಿಳಿ ಹಳದಿ ಮಚ್ಚೆ ಬರ್ತಾವ, ಹೂ-ಕಾಯಿ ಮಾತ್ರ ಇಲ್ಲ. ಇದು ನಂಜಾಣು ರೋಗ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡ್ತದ. ಶಿಲೀಂಧ್ರನಾಶಕ ಹೊಡೆದು ಉಪಯೋಗವಿಲ್ಲ. ಮೊದಲು ಕಂಡ ಗಿಡಗಳನ್ನ ಕಿತ್ತು ನಾಶ ಮಾಡಿ. ಬದುವಿನ ಮೇಲೆ ಉಳಿದ ಹಳೇ ತೊಗರಿ, ಕೂಳೆ ಚಿಗುರು ಬಿಡಬೇಡಿ, ನುಸಿಗೆ ಅದೇ ಮನಿ.

ನೆಟೆ ರೋಗ ಬ್ಯಾರೆ. ಅದು ಮಣ್ಣಿನ ಶಿಲೀಂಧ್ರ. ಗಿಡ ನಿಂತಲ್ಲೇ ಬಾಡಿ ಒಣಗ್ತದ. ಕಾಂಡದ ಬುಡ ಸೀಳಿ ನೋಡಿದ್ರ ಒಳಗೆ ಕಂದು-ಕಪ್ಪು ಗೆರೆ ಕಾಣ್ತದ. 2022ರ ಹಂಗಾಮಿನ ನೆಟೆ ನಮ್ಮ ಜಿಲ್ಲೆಯ ಯಾರೂ ಮರೆತಿಲ್ಲ. ಇದಕ್ಕೆ ಬೀಜಕ್ಕೆ ಟ್ರೈಕೊಡರ್ಮಾ ಉಪಚಾರ (ಕಿಲೋಗೆ 4 ಗ್ರಾಂ), ಜೋಳದ ಜೊತೆ ಮಿಶ್ರ ಬೆಳೆ ಅಥವಾ ಬೆಳೆ ಬದಲಾವಣೆ ಬೇಕು.

ಬೀಜದ ಹೆಸರೂ ಹಿಂಗೇ ಕೆಲಸಕ್ಕ ಬರ್ತದ. 1986ರಲ್ಲಿ ಬಂದ 'ಮಾರುತಿ' ನೆಟೆ ತಡೆಯುತ್ತದೆ, ಗೊಡ್ಡು ತಡೆಯಲ್ಲ. 1993ರ 'ಆಶಾ' ಎರಡನ್ನೂ ತಡೆಯುತ್ತದೆ. ನಮ್ಮ ಹೊಲಕ್ಕ ಬಂದದ್ದು ಯಾವ ರೋಗ ಅಂತ ಹೆಸರು ಹೇಳಲಿಕ್ಕೆ ಬರದವರು ಬೀಜ ಹೆಂಗ ಆರಿಸ್ತೀರಿ?

ಊಟದೊಳಗ ಬೇಸಾಯ

ನಮ್ಮ ಆಯಿ ಕಡ್ಲಿ ಹೊಲಕ್ಕ ಹೋದ್ರ ಉಡಿ ತುಂಬ ಕುಡಿ ಚೂಟಿ ತರ್ತಿದ್ಳು. ಹಸೀದು ಪಲ್ಯ, ಉಳಿದದ್ದು ಒಣಗಿಸಿ ಇಡೋದು. ಕಾಲೇಜಿನಾಗ ಅದನ್ನೇ 'ಕುಡಿ ಚಿವುಟುವಿಕೆ' ಅಂತ ಓದಿದೆ. ಬಿತ್ತಿದ 30–35 ದಿನಕ್ಕೆ ತುದಿ ಚಿವುಟಿದ್ರ ಪಕ್ಕದ ಟೊಂಗಿ ಹೆಚ್ಚು ಒಡೀತಾವ, ಕಾಯಿಯೂ ಹೆಚ್ಚು. 'ಕಡ್ಲಿ ಪಲ್ಯ' ಅನ್ನೋ ಹೆಸರು ಮನ್ಯಾಗ ಉಳಿದಿದ್ರ ಆ ಪದ್ಧತಿಯೂ ಹೊಲದಾಗ ಉಳೀತದ. ಹೂ ಬಿಟ್ಟ ಮ್ಯಾಲ ಮಾತ್ರ ಚೂಟಬ್ಯಾಡ್ರಿ.

ಸೀತನಿಯೂ ಹಾಗೇ. ಸಿಹಿ ತೆನೆ ಅನ್ನೋದೇ ಬಾಯಾಗ ಸವೆದು ಸೀತನಿ ಆಗಿದೆ ಅಂತಾರೆ. ಕಾಳು ಹಾಲು ತುಂಬಿ ಇನ್ನೂ ಗಟ್ಟಿಯಾಗದ ಹಂತದ ಜೋಳ ಅದು. ಕೆಂಡದಾಗ ಸುಟ್ಟು, ಉಜ್ಜಿ, ಶೇಂಗಾ ಹಿಂಡಿ ಹಚ್ಚಿ ತಿಂದವರಿಗೆ ಗೊತ್ತು. ಇಡೀ ಹೊಲ ಜೋಳದ ರೇಟಿಗೆ ಮಾರುವ ಬದಲು ನಾಕು ಸಾಲು ಸೀತನಿಗೆ ಅಂತ ಬಿಟ್ಟು ಪ್ಯಾಟಿ ಮಂದಿಯನ್ನ ಹೊಲಕ್ಕೇ ಕರೆಯಬಹುದು. ಹೆಸರು ಗೊತ್ತಿದ್ದವರು ತಾವೇ ಹುಡುಕಿಕೊಂಡು ಬರ್ತಾರೆ. ಕಲಬುರಗಿ ತೊಗರಿ ಬ್ಯಾಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಊರ ಹೆಸರಿಗೂ ಬೆಲೆ ಇದೆ ಅನ್ನೋದಕ್ಕ ಅದೇ ಸಾಕ್ಷಿ.

ಇಷ್ಟು ಮಾಡಿ

• ಯಾರಿಗೇ ಫೋಟೋ ಕಳಿಸಿದರೂ ಬೆಳೆಯ ಊರ ಹೆಸರು, ತಳಿ, ಬಿತ್ತಿ ಎಷ್ಟು ದಿನ ಆಯ್ತು ಅನ್ನೋದು ಬರೆಯಿರಿ. ಇಡೀ ಗಿಡ, ಎಲೆ, ಸೀಳಿದ ಬುಡ, ಮೂರೂ ಫೋಟೋ ಇರಲಿ.

• ವಿಡಿಯೋ ನೋಡುವಾಗ ಯಾವ ಜಿಲ್ಲೆಯದು ಅಂತ ಮೊದಲು ನೋಡಿ, ಆಮೇಲೆ ಅಂಗಡಿಗೆ ಹೋಗಿ.

• ಅನುಮಾನ ಇದ್ದರೆ ಕಿಸಾನ್ ಕಾಲ್ ಸೆಂಟರ್‌ 1800-180-1551ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

• ಮನೆಯ ಹಿರಿಯರನ್ನ ಹೊಲಕ್ಕ ಕರಕೊಂಡು ಹೋಗಿ ಹುಳ, ಕಳೆ, ಮಣ್ಣಿನ ಹೆಸರು ಹೇಳಿಸಿ ಫೋನಿನಾಗ ರೆಕಾರ್ಡ್ ಮಾಡಿಕೊಳ್ಳಿ.

ನಮ್ಮ ಆಯಿ ಈಗ ಇಲ್ಲ. ಕಳೆಗಳಿಗೆ ಆಕಿ ಹೇಳ್ತಿದ್ದ ಹೆಸರಿನಾಗ ಅರ್ಧ ನನಗ ನೆನಪಿಲ್ಲ. ಆಗ ನನ್ನ ಕಿಸೆಯಾಗ ಫೋನ್ ಇತ್ತು, ರೆಕಾರ್ಡ್ ಮಾಡಬೇಕು ಅನ್ನೋ ಬುದ್ಧಿ ಇರಲಿಲ್ಲ. ನೀವು ಈ ವಾರವೇ ಮಾಡ್ರಿ.